ಇದನ್ನು ಮೊದಲು ಬಿಚ್ಚಿದವರು ಯಾರು?

ಹಿಟ್ಟು ನಾದುವ ದೊಡ್ಡ ಯಂತ್ರದ ತಲೆಯಿಂದ ಬೋಗುಣಿಯೊಳಗೆ ಗ್ರೀಸಿನ ಕಪ್ಪು ಹನಿಯೊಂದು ತೊಟ್ಟಿಕ್ಕಿದ ದಿನ, ಮೆಕ್ಯಾನಿಕ್‌ನನ್ನು ಕರೆಸುವ ಅಗತ್ಯವಿಲ್ಲವೆಂದೂ ಅಡುಗೆಮನೆಯ ಉಸ್ತುವಾರಿಯಾದ ನಾನೇ ಅದನ್ನು ಬಿಚ್ಚಿ ಸರಿಪಡಿಸುವೆನೆಂದೂ ಘೋಷಿಸಿದೆ. ನಲ್ಲಿಯ ವಾಷರ್ ಒಂದನ್ನು ಬದಲಿಸಿ ಗೆದ್ದವನಿಗೆ ಜಗತ್ತಿನ ಯಂತ್ರಗಳೆಲ್ಲ ನಲ್ಲಿಯಂತೆಯೇ ಕಾಣುತ್ತವೆ. ತಿರುಗುವ ಶಾಫ್ಟನ್ನು ತಬ್ಬಿಕೊಂಡು ಗ್ರೀಸನ್ನು ಮೇಲೆಯೇ ತಡೆಯಬೇಕಾದ ಆಯಿಲ್ ಸೀಲ್ ಸವೆದಿದೆ ಎಂಬ ನನ್ನ ರೋಗನಿರ್ಣಯ ಸರಿಯಾಗಿಯೇ ಇತ್ತು. ಅಂದು ನಾನು ಸರಿಯಾಗಿ ಮಾಡಿದ ಕೊನೆಯ ಕೆಲಸವೂ ಅದೇ.

ಸೀಲನ್ನು ತಲುಪಬೇಕಾದರೆ ಶಾಫ್ಟ್‌ನ ಕಚ್ಚಿನಲ್ಲಿ ಕುಳಿತಿರುವ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಉಕ್ಕಿನ ಬಳೆಯನ್ನು ಅಗಲಿಸಿ ತೆಗೆಯಬೇಕು. ಅದಕ್ಕೆಂದೇ ಒಂದು ಇಕ್ಕಳವಿದೆ; ದುರದೃಷ್ಟವಶಾತ್ ಅದರಲ್ಲಿ ಎರಡು ಜಾತಿಗಳಿವೆ. ಒಂದರ ಹಿಡಿಯನ್ನು ಒತ್ತಿದರೆ ಮೂತಿ ತೆರೆದುಕೊಳ್ಳುತ್ತದೆ, ಇನ್ನೊಂದರ ಹಿಡಿಯನ್ನು ಒತ್ತಿದರೆ ಮುಚ್ಚಿಕೊಳ್ಳುತ್ತದೆ. ನನ್ನಲ್ಲಿದ್ದುದು ಎರಡನೆಯದು, ಅಂದರೆ ರಂಧ್ರದೊಳಗಿನ ಸರ್ಕ್ಲಿಪ್‌ಗೆ ಮಾತ್ರ ಸಲ್ಲುವಂಥದು. ನಾನು ಒತ್ತಿದಷ್ಟೂ ಬಳೆ ಶಾಫ್ಟನ್ನು ಇನ್ನಷ್ಟು ಪ್ರೀತಿಯಿಂದ ಅಪ್ಪಿಕೊಂಡಿತು. ಕೊನೆಗೆ ತಾಳ್ಮೆಗೆಟ್ಟು ಸ್ಕ್ರೂಡ್ರೈವರ್‌ನಿಂದ ಮೀಟಿದಾಗ ಅದು ಟಣ್ಣನೆ ಹಾರಿ, ನನ್ನ ಕಿವಿಯ ಪಕ್ಕದಲ್ಲಿ ಸುಯ್ಯೆಂದು ಸಾಗಿ ಅದೃಶ್ಯವಾಯಿತು.

ಕಾರ್ಖಾನೆಯಲ್ಲಾಗಿದ್ದರೆ ಅದು ಒಂದು ಸಣ್ಣ ನಷ್ಟ. ಅಡುಗೆಮನೆಯಲ್ಲಿ ಎಲ್ಲಿ ಬಿತ್ತೆಂದು ತಿಳಿಯದ ಲೋಹದ ತುಂಡೆಂದರೆ, ಸುತ್ತಮುತ್ತ ತೆರೆದಿಟ್ಟಿದ್ದ ಪಾತ್ರೆಗಳಲ್ಲಿರುವುದೆಲ್ಲವೂ ಕಸದ ಬುಟ್ಟಿಗೆ ಹೋಗಬೇಕೆಂದು ಅರ್ಥ. ಮುಖ್ಯ ಬಾಣಸಿಗರು ಒಂದೊಂದೇ ಪಾತ್ರೆಯನ್ನು ನನ್ನ ಮುಖ ನೋಡುತ್ತಲೇ ಖಾಲಿ ಮಾಡಿದರು. ನಾನು ದಾರಕ್ಕೆ ಅಯಸ್ಕಾಂತ ಕಟ್ಟಿ, ಮೀನು ಹಿಡಿಯುವವನಂತೆ ಮೇಜುಗಳ ಕೆಳಗೆಲ್ಲ ಎಳೆದಾಡಿದೆ. ಸಿಕ್ಕಿದ್ದು ಎರಡು ಚಮಚಗಳಷ್ಟೆ.

ಹಳೆಯ ಸೀಲನ್ನೂ ಅದೇ ಸ್ಕ್ರೂಡ್ರೈವರ್‌ನಿಂದ ಕಿತ್ತೆ, ಕೀಳುವಾಗ ಅದು ಕೂರುವ ಗೂಡಿನ ಒಳಗೋಡೆಗೆ ಒಂದು ಗೀರನ್ನೂ ಎಳೆದೆ. ಹೊಸ ಸೀಲಿನ ಮೇಲೆ 35×52×7 ಎಂದಿತ್ತು: ಶಾಫ್ಟ್‌ನ ವ್ಯಾಸ, ಗೂಡಿನ ವ್ಯಾಸ ಮತ್ತು ಸೀಲಿನ ದಪ್ಪ, ಎಲ್ಲವೂ ಮಿಲಿಮೀಟರ್‌ಗಳಲ್ಲಿ. ಇಷ್ಟನ್ನು ಓದಿ ತಿಳಿದುಕೊಂಡ ನನಗೆ ಅದರ ಮುಖ ಯಾವುದು, ಬೆನ್ನು ಯಾವುದು ಎಂಬ ಸಂದೇಹ ಮಾತ್ರ ಬರಲಿಲ್ಲ. ಶಾಫ್ಟನ್ನು ಮುಟ್ಟುವ ರಬ್ಬರ್ ಅಂಚಿನ, ಅಂದರೆ ತುಟಿಯ, ಹಿಂದೆ ಪುಟ್ಟ ಸ್ಪ್ರಿಂಗ್ ಕಾಣುವ ಬದಿ ಗ್ರೀಸಿನ ಕಡೆಗೆ ಇರಬೇಕಂತೆ. ಆ ಬದಿಯೇ ನೋಡಲು ಚೆಂದವಾಗಿದ್ದುದರಿಂದ ನಾನು ಅದನ್ನು ಹೊರಗೆ ಕಾಣುವಂತೆ ಕೂರಿಸಿ, ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಸೀಲಿನ ಜೊತೆಯಲ್ಲೇ ಬಂದಿದ್ದ ಹೊಸ ಸರ್ಕ್ಲಿಪ್ ತೊಡಿಸಿ ಯಂತ್ರವನ್ನು ಓಡಿಸಿದೆ. ಮೊದಲು ಗಂಟೆಗೊಂದು ಹನಿ ಬೀಳುತ್ತಿತ್ತು. ಈಗ ಅವನ್ನು ಎಣಿಸುವುದೇ ಕಷ್ಟವಾಯಿತು.

ಮರುದಿನ ಬಂದ ಮೆಕ್ಯಾನಿಕ್, ಟಾರ್ಚ್ ಹಾಕಿ ಒಂದು ಸಲ ಇಣುಕಿ, ಆ ವೃತ್ತಿಯವರೆಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ: "ಇದನ್ನು ಮೊದಲು ಬಿಚ್ಚಿದವರು ಯಾರು?" ಯಾರೂ ನನ್ನ ಹೆಸರು ಹೇಳಲಿಲ್ಲ, ಎಲ್ಲರೂ ನನ್ನತ್ತ ತಿರುಗಿದರಷ್ಟೆ. ಅವನು ಬಾಗಿದ ಮೂತಿಯ ಕೊಕ್ಕೆಯೊಂದರಿಂದ ನನ್ನ ಸೀಲನ್ನು ಹಲ್ಲು ಕೀಳುವಷ್ಟು ನಾಜೂಕಾಗಿ ಎಳೆದು, ಗೀರನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಬೇರೊಂದು ಸೀಲನ್ನು ಅದರ ಅಂಚಿಗೆ ಸರಿಹೊಂದುವ ಕೊಳವೆಯಿಟ್ಟು ಒಂದೇ ಸಮನೆ ಒತ್ತಿ ಕೂರಿಸಿದ. ಪಾತ್ರೆ ತೊಳೆಯುವ ಯಂತ್ರದಲ್ಲಿ ನೀರು ಸೋರದಂತೆ ತಡೆಯುವ ಓ ರಿಂಗ್ ಎಂಬ ರಬ್ಬರ್ ಬಳೆಯೊಂದು ಉಬ್ಬಿಕೊಂಡಿರುವುದನ್ನೂ ಅವನೇ ಗಮನಿಸಿದ. ಅದು ಇಪಿಡಿಎಂ ಎಂಬ ಜಾತಿಯ ರಬ್ಬರು, ಅದಕ್ಕೆ ಪೆಟ್ರೋಲಿಯಂ ಜೆಲ್ಲಿ ಆಗದು, ಸಿಲಿಕೋನ್ ಗ್ರೀಸ್ ಹಚ್ಚಬೇಕೆಂದ. ಜೆಲ್ಲಿ ಹಚ್ಚಿದವರು ಯಾರೆಂದು ಪುಣ್ಯಾತ್ಮ ಕೇಳಲಿಲ್ಲ.

ಅವನು ಹೊರಡುವಾಗ, ನಿನ್ನೆಯಿಂದ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಒಳಗೆಲ್ಲ ಬೆವರುತ್ತಿದೆ ಎಂದು ಬಾಣಸಿಗರು ದೂರಿದರು. ಗ್ಯಾಸ್ಕೆಟ್ ಹೋಗಿರಬೇಕು, ನಾನೇ ಬದಲಿಸುತ್ತೇನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೆಕ್ಯಾನಿಕ್ ಬಾಗಿಲಿನಂಚಿನ ಆ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿದ. ಬಾಗಿಲನ್ನು ಎಳೆದು ಹಿಡಿಯಲು ಅದರೊಳಗೆ ಅಯಸ್ಕಾಂತದ ಪಟ್ಟಿಯಿರುತ್ತದೆ. ಕೆಳಮೂಲೆಯ ಮಡಿಕೆಯಲ್ಲಿ ಅಂಟಿಕೊಂಡಿದ್ದ ಸರ್ಕ್ಲಿಪ್ಪನ್ನು ಬಿಡಿಸಿ ಅವನು ನನ್ನ ಅಂಗೈಗೆ ಹಾಕಿದ.