ಕುದುರೆ ಬಂತು, ಮಾತನಾಡಿ

ಅಧಿಕಾರಿಯ ಮುಂದೆ, ಕುದುರೆಯ ಹಿಂದೆ ಸುಳಿಯಬಾರದು. ಮೂವತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ನಾನು ಕಲಿತ ವಿದ್ಯೆ ಇಷ್ಟೇ. ನಿವೃತ್ತನಾಗಿ ಅಮೆರಿಕದ ಬೆಲ್‌ವ್ಯೂ ನಗರದ ಮಗಳ ಮನೆಗೆ ಬಂದಿಳಿದ ಮೇಲೆ ಅದೂ ಅರ್ಧ ವಿದ್ಯೆ ಎಂದು ಗೊತ್ತಾಯಿತು. ಇಲ್ಲಿಯ ಕಾಡುದಾರಿಯಲ್ಲಿ ಕುದುರೆಯೇ ಅಧಿಕಾರಿ. ಮುಂದೆಯೂ ಸುಳಿಯುವಂತಿಲ್ಲ, ಹಿಂದೆಯೂ ಸುಳಿಯುವಂತಿಲ್ಲ; ಇಳಿಜಾರಿನ ಕಡೆಗೆ ಸರಿದು ನಿಲ್ಲಬೇಕು.

ಬೆಲ್‌ವ್ಯೂ, ಕಿರ್ಕ್‌ಲ್ಯಾಂಡ್ ನಗರಗಳು ಕೂಡುವಲ್ಲಿರುವ ಈ ಉದ್ಯಾನದ ಹೆಸರು ಬ್ರೈಡಲ್ ಟ್ರೇಲ್ಸ್, ಅಂದರೆ ಕಡಿವಾಣದ ಹಾದಿಗಳು, ಕುದುರೆ ಸವಾರರು ಓಡಾಡುವ ದಾರಿಗಳು. ಸುಮಾರು 480 ಎಕರೆ ಕಾಡು, ಅದರೊಳಗೆ 28 ಮೈಲಿ ದಾರಿ, ತಲೆ ಎತ್ತಿದರೆ ಟೋಪಿ ಬೀಳುವಂಥ ಡಗ್ಲಸ್ ಫರ್ ಮರಗಳು. ಒಂದು ಬದಿಗೆ 405ನೇ ಹೆದ್ದಾರಿ ಮೊರೆಯುತ್ತದೆ. ಮೈಕ್ರೋಸಾಫ್ಟ್ ಕಚೇರಿಯೂ ದೂರವಿಲ್ಲ. ನಾಳಿನ ಜಗತ್ತನ್ನು ಕಟ್ಟುವವರು ಬೆಳಿಗ್ಗೆ ಇಲ್ಲಿಗೆ ಬಂದು ನಿನ್ನೆಯ ವಾಹನಕ್ಕೆ ದಾರಿ ಬಿಡುತ್ತಾರೆ.

ಅಮೆರಿಕದ ಕಾಡುದಾರಿಗಳಲ್ಲಿ ಹಳದಿ ತ್ರಿಕೋನದ ಒಂದು ಫಲಕ ಕಾಣಿಸುತ್ತದೆ. ಸೈಕಲ್ಲು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವನು ಕುದುರೆಗೆ ಬಿಡಬೇಕು, ಕುದುರೆ ಯಾರಿಗೂ ಬಿಡಬೇಕಿಲ್ಲ. ನೋಡಿದ ಕೂಡಲೇ ಗುರುತು ಹಿಡಿದೆ: ಜ್ಯೇಷ್ಠತಾ ಪಟ್ಟಿ! ಅಂತಿಮ ಪಟ್ಟಿಯೇ ಇರಬೇಕು, ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕವನ್ನೇ ನಮೂದಿಸಿಲ್ಲ.

ಬೆಂಗಳೂರಿನಲ್ಲಿ ನಾನು ಕಬ್ಬನ್ ಪಾರ್ಕಿನಲ್ಲಿ ನಡೆಯುವವನು. ಅಲ್ಲಿ ನನಗೆ ಪರಿಚಯವಿರುವ ಕುದುರೆ ಸವಾರ ಒಬ್ಬನೇ, ಮಾರ್ಕ್ ಕಬ್ಬನ್, ಕಂಚಿನವನು. ಹೈಕೋರ್ಟಿನ ಆವರಣದಲ್ಲಿದ್ದ ಅವನನ್ನು 2020ರಲ್ಲಿ ಕುದುರೆ ಸಮೇತ ಎತ್ತಿ ಪಾರ್ಕಿನೊಳಗೆ ತಂದು ನಿಲ್ಲಿಸಿದರು. ನಮ್ಮಲ್ಲಿ ಪಕ್ಕಕ್ಕೆ ಸರಿಯುವುದು ಕುದುರೆ. (ಪಾದಚಾರಿ ಮಾರ್ಗದ ಮೇಲೇರಿ ಬರುವ ಬೈಕಿಗೆ ಮಾತ್ರ ನಾವು ಸರಿಯುತ್ತೇವೆ. ಅದಕ್ಕೆ ಫಲಕ ಬೇಕಿಲ್ಲ, ಹಾರ್ನ್ ಸಾಕು.)

ಇಳಿಜಾರಿನ ಕಡೆಗೇ ಏಕೆ ಎಂದು ಮಗಳನ್ನು ಕೇಳಿದೆ. ಕುದುರೆ ಬೇಟೆಗೆ ಸಿಗುವ ಪ್ರಾಣಿಯಂತೆ; ಎತ್ತರದಲ್ಲಿ ಏನು ಅಲುಗಾಡಿದರೂ ಚಿರತೆಯಂಥದ್ದು ಎರಗುತ್ತದೆ ಎಂದು ಬೆದರುತ್ತದಂತೆ. ಈ ಮಂಡಿನೋವಿನ ಮುದುಕನಲ್ಲಿ ಚಿರತೆಯನ್ನು ಕಂಡ ಪ್ರಾಣಿ ಅದೊಂದೇ, ಅದರ ಬಗ್ಗೆ ನನಗೆ ಗೌರವವೇ ಇದೆ. ಕೊಡೆ ಬಿಚ್ಚಿದರೂ ಅದಕ್ಕೆ ಭಯ. ಊರೇನೋ ತಿಂಗಳುಗಟ್ಟಲೆ ಜಿನುಗುವ ಮಳೆಯದು. ಆದ್ದರಿಂದ ಕುದುರೆ ಹಾದುಹೋಗುವವರೆಗೆ ಕೊಡೆ ಮಡಚಿ ಹಿಡಿದು ನೆನೆಯುತ್ತೇನೆ.

ಲದ್ದಿಯ ವಿಷಯಕ್ಕೆ ಬಂದರೆ ಧರ್ಮಸೂಕ್ಷ್ಮ ಇನ್ನೂ ಹೆಚ್ಚು. ನಾಯಿಗೆ ಎಂಟು ಅಡಿ ಮೀರದ ಹಗ್ಗ. ಅದು ಹಾಕಿದ್ದನ್ನು ಒಡೆಯನೇ ಚೀಲದಲ್ಲಿ ಎತ್ತಬೇಕು. ಕುದುರೆ ಬುಟ್ಟಿಗಟ್ಟಲೆ ಹಾಕಿದರೂ ದಾರಿಯ ಮೇಲೆ ಅದು ಪ್ರಕೃತಿ. ಕಾರಣವಿಲ್ಲದಿಲ್ಲ: ಒಂದು ಹುಲ್ಲು ತಿನ್ನುತ್ತದೆ, ಇನ್ನೊಂದು ಮಾಂಸ ತಿಂದು ರೋಗಾಣುಗಳನ್ನು ಹರಡಬಲ್ಲದು. ಸರಿ. ಆದರೆ ಕೆಲವು ಒಡೆಯರು ಭಕ್ತಿಯಿಂದ ಎತ್ತಿ, ಚೀಲದ ಬಾಯಿಗೆ ಗಂಟು ಹಾಕಿ, ಬರುವಾಗ ಒಯ್ದರಾಯಿತೆಂದು ದಾರಿಯ ಪಕ್ಕದಲ್ಲೇ ಇಟ್ಟು ಹೋಗುತ್ತಾರೆ. ಬರುವಾಗ ಬೇರೆ ದಾರಿಯಲ್ಲಿ ಬರುತ್ತಾರೆ. ಬಿಟ್ಟಿದ್ದರೆ ಕೊಳೆತಾದರೂ ಹೋಗುತ್ತಿದ್ದುದಕ್ಕೆ ಪ್ಲಾಸ್ಟಿಕ್ಕಿನಲ್ಲಿ ಚಿರಂಜೀವಿ ಪದವಿ.

ಇಷ್ಟಾದರೂ ನನಗೆ ಅತಿ ಪ್ರಿಯವಾದ ನಿಯಮ ಮಾತಿನದು. ಕುದುರೆ ಎದುರಾದಾಗ ಮೆಲ್ಲನೆ ಏನಾದರೂ ಮಾತನಾಡಬೇಕು. ಆಗ ಅದಕ್ಕೆ ನಾವು ಮನುಷ್ಯರೆಂದು ತಿಳಿಯುತ್ತದೆ. ಯಾವ ಭಾಷೆ ಎಂದು ಹೇಳಿಲ್ಲ. ನಾನು ‘ನಮಸ್ಕಾರ’ ಎನ್ನುತ್ತೇನೆ, ಇದುವರೆಗೆ ಯಾವ ಕುದುರೆಯೂ ಬೆದರಿಲ್ಲ.

ಮೂರು ವಾರಗಳಿಂದ ದಿನವೂ ಒಬ್ಬರು ಎದುರಾಗುತ್ತಿದ್ದರು. ನನ್ನದೇ ವಯಸ್ಸು, ಮಂಕಿ ಟೋಪಿ, ಕಿವಿಯಲ್ಲಿ ಇಯರ್‌ಫೋನ್. ಒಂದು ದಿನವೂ ಮಾತಿಲ್ಲ. ಮೊನ್ನೆ ತಿರುವಿನಲ್ಲಿ ಕುದುರೆ ಬಂತು. ಇಬ್ಬರೂ ಇಳಿಜಾರಿಗೆ ಇಳಿದು ಅಕ್ಕಪಕ್ಕ ನಿಂತೆವು. ಅವರು ಇಯರ್‌ಫೋನ್ ತೆಗೆದರು.

‘ನಮಸ್ಕಾರ’ ಎಂದೆ ಕುದುರೆಗೆ.

‘ನಮಸ್ಕಾರ, ಚೆನ್ನಾಗಿದ್ದೀಯಾ?’ ಎಂದರು ಅವರೂ, ಕುದುರೆಗೇ.

ಕುದುರೆ ತಲೆಯಾಡಿಸಿ ಮುಂದೆ ಹೋಯಿತು. ಅವರು ಇಯರ್‌ಫೋನ್ ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಆ ಕಡೆ ಹೊರಟರು, ನಾನು ಕೊಡೆ ಬಿಚ್ಚಿ ಈ ಕಡೆ ಹೊರಟೆ.