ಎಕ್ಕದ ಜೋಡಿ ಸೋತರೆ ಮೋಸ ನಡೆದಿದೆಯೇ?

"ಕೈಯಲ್ಲಿ ಎರಡು ಎಕ್ಕ ಇದ್ದೂ ಸೋತರೆ ಎಲೆ ಹಂಚಿದ್ದರಲ್ಲೇ ಮೋಸ. ಮುಂದಿನ ಸಲ ಗೆಲುವು ಗ್ಯಾರಂಟಿ" ಎಂಬ ವಾಟ್ಸಾಪ್ ಸಂದೇಶದ ಎರಡೂ ಮಾತು ತಪ್ಪು.

ಪ್ರತಿಯೊಬ್ಬರ ಕೈಗೆ 2 ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ 5 ಎಲೆ ಬೀಳುವ ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ನಿಮ್ಮದು ಎಕ್ಕದ ಜೋಡಿ, ಎದುರಿನವರದು ರಾಜನ ಜೋಡಿ ಎನ್ನಿ. ಉಳಿದ 48 ಎಲೆಗಳಲ್ಲಿ ಇನ್ನೂ 2 ರಾಜ ಇವೆ. ಮೇಜಿನ ಮೇಲೆ ಬೀಳುವ 5 ಎಲೆಗಳಲ್ಲಿ ಒಂದಾದರೂ ರಾಜ ಬಂದು, ಜೋಡಿಗಿಂತ ಮೇಲಾದ ಮೂರು ರಾಜ ಅವರಿಗೆ ಸಿಗುವ ಸಾಧ್ಯತೆಯೇ ಸುಮಾರು ಶೇ. 20. ನಿಮಗೆ ಮೂರನೇ ಎಕ್ಕ ಬೀಳುವುದು ಇತ್ಯಾದಿ ಎಲ್ಲವನ್ನೂ ಸೇರಿಸಿದರೆ, ನೀವು ಸೋಲುವುದು ನೂರಕ್ಕೆ ಸುಮಾರು 18 ಸಲ. ಐವರು ಎದುರಾಳಿಗಳು ಯಾವುದೇ ಎಲೆ ಹಿಡಿದು ಕೊನೆತನಕ ನಿಂತರಂತೂ ಗೆಲುವು ಅರ್ಧಕ್ಕರ್ಧ ಅಷ್ಟೇ.

ಮೋಸ ಎಲ್ಲೂ ನಡೆಯುವುದಿಲ್ಲ ಎಂದಲ್ಲ. ಒಂದು ಸೋಲು ಅದಕ್ಕೆ ಪುರಾವೆಯಲ್ಲ. "ಮುಂದಿನ ಸಲ ಗ್ಯಾರಂಟಿ" ಎಂದು ನಂಬಿ ಸಾಲ ಮಾಡುವವರನ್ನು ನೆನೆದರೆ ಸಂಕಟವಾಗುತ್ತದೆ. ಎಲೆಗಳಿಗೆ ಹಿಂದಿನ ಆಟದ ನೆನಪಿಲ್ಲ. ಕಲಸಿ ಹಂಚಿದಾಗ ಅದೇ ಜೋಡಿಗಳು ಮತ್ತೆ ಎದುರಾದರೂ ಸೋಲಿನ ಲೆಕ್ಕ ಅದೇ 18.