ಕೊಳಕ್ಕೆ ಉಪ್ಪು, ಬೇವು ಹಾಕಿದರೆ ಪರಾವಲಂಬಿಗಳು ಸಾಯುತ್ತವೆಯೇ? ಸತ್ಯಾಂಶ

‘ಸ್ನಾನದ ಕೊಳಕ್ಕೆ 5 ಕೆಜಿ ಉಪ್ಪು, ಒಂದು ಬುಟ್ಟಿ ಬೇವಿನ ಸೊಪ್ಪು ಹಾಕಿ, ತುರಿಕೆ ತರುವ ಹುಳುಗಳೆಲ್ಲ ನಾಶ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

20 ಮೀಟರ್ ಉದ್ದ, 20 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳದಲ್ಲಿ 6 ಲಕ್ಷ ಲೀಟರ್ ನೀರಿರುತ್ತದೆ. ಅದರಲ್ಲಿ 5 ಕೆಜಿ ಉಪ್ಪೆಂದರೆ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಯಾವ ಹುಳುವಿಗೂ ಅದು ಲೆಕ್ಕಕ್ಕಿಲ್ಲ. ಸೊಪ್ಪು ಕೊಳೆತರೆ ನೀರಿನ ಆಮ್ಲಜನಕ ಕುಗ್ಗುತ್ತದೆ, ಬಸವನಹುಳುಗಳಿಗೆ ಮೇವೂ ಆಗುತ್ತದೆ.

ತುರಿಕೆಯ ಮೂಲ ಇರುವುದೇ ಆ ಬಸವನಹುಳುಗಳಲ್ಲಿ. ನೀರುಹಕ್ಕಿಗಳ ಹಿಕ್ಕೆಯಿಂದ ಬಂದ ಪರಾವಲಂಬಿಯ ಮೊಟ್ಟೆ ಒಡೆದು, ಅದರ ಮರಿಯು ಬಸವನಹುಳುವನ್ನು ಹೊಕ್ಕು, ಅಲ್ಲಿ ಬೆಳೆದ ಲಾರ್ವಾಗಳು (ಎಳೆಹುಳುಗಳು) ನೀರಿಗಿಳಿದು ಚರ್ಮ ಕೊರೆಯುತ್ತವೆ. ಹೊರಬಂದ ಲಾರ್ವಾ ಬದುಕುವುದು ಹೆಚ್ಚೆಂದರೆ ಒಂದೆರಡು ದಿನ. ಹಾಗಾಗಿ ಇಳಿಯುವ ಜಾಗದಲ್ಲಿ ಬಸವನಹುಳು ಅಂಟಿರುವ ಜೊಂಡು, ಪಾಚಿಯನ್ನು ಬೇರುಸಹಿತ ಕಿತ್ತು ದಡದಿಂದ ದೂರ ಒಣಗಿಸಿ. ದಡದಲ್ಲೇ ರಾಶಿ ಹಾಕಿದರೆ ಅಂಟಿದ ಬಸವನಹುಳು ಮರಳಿ ನೀರು ಸೇರುತ್ತದೆ. ಮತ್ತೆ ಚಿಗುರಿದಾಗ ಮತ್ತೆ ಕೀಳಬೇಕು. ಬಾತುಗಳಿಗೆ ತಿನಿಸು ಹಾಕಬೇಡಿ. ಗಾಳಿ ದಡದತ್ತ ಬೀಸುವಾಗ ಲಾರ್ವಾ ಅಲ್ಲೇ ಗುಂಪುಗೂಡುತ್ತವೆ, ಆ ಬದಿಗೆ ಇಳಿಯದಿರಿ. ಮೇಲೆ ಬಂದ ಕೂಡಲೇ ಟವೆಲಿನಿಂದ ಗಟ್ಟಿಯಾಗಿ ಉಜ್ಜಿ ಒರೆಸಿ.

ಮನುಷ್ಯರಿಗೆ ಶಿಸ್ಟೊಸೋಮಿಯಾಸಿಸ್ (ಇಂಥದೇ ಹುಳು ಚರ್ಮದ ಮೂಲಕ ದೇಹ ಹೊಕ್ಕು ತರುವ ರೋಗ) ಹರಡುವ ಪ್ರದೇಶಗಳಲ್ಲಿ ಮಾತ್ರ ಒರೆಸುವುದನ್ನು ನಂಬಿ ನೀರಿಗಿಳಿಯಬಾರದು.